ಡೀಸೆಲ್ ದರ ಏರಿಸುವ ಮುಂಚೆ ಒಂದು ಮಾತು ಹೇಳಿ

ಮಾನ್ಯರೇ,

2025ರ ಏಪ್ರಿಲ್ 1ರಂದು ನಮ್ಮ ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ 18.44ರಿಂದ ಶೇ 21.17ಕ್ಕೆ ಏರಿತು. ಲೀಟರ್‌ಗೆ ಎರಡು ರೂಪಾಯಿ ಜಾಸ್ತಿ. ಬೆಂಗಳೂರಿನಲ್ಲಿ ದರ 91.02 ಆಯಿತು. ಪತ್ರಿಕೆಯಲ್ಲಿ ಬಂತು, ಟಿವಿಯಲ್ಲಿ ಬಂತು, ನಾಲ್ಕು ದಿನ ಎಲ್ಲರೂ ಬೈದುಕೊಂಡರು, ಆಮೇಲೆ ಸುಮ್ಮನಾದರು. ಪೆಟ್ರೋಲ್ ಮುಟ್ಟದೆ ಡೀಸೆಲ್ ಮಾತ್ರ ಏರಿಸಿದ್ದರಿಂದ ಸ್ಕೂಟರ್, ಬೈಕಿನವರಿಗೆ ಅದು ತಟ್ಟಲೂ ಇಲ್ಲ. ಅವರ ಮನೆಗೆ ಬರುವ ತರಕಾರಿ, ತೆಂಗಿನಕಾಯಿ, ಸಿಮೆಂಟು ಎಲ್ಲ ಬರೋದು ಡೀಸೆಲ್ ಗಾಡಿಯಲ್ಲೇ ಅಲ್ವಾ, ಆದರೆ ಅದು ಬಂಕಿನ ಮೀಟರ್‌ನಲ್ಲಿ ಕಾಣುವುದಿಲ್ಲ.

ನನಗೆ ಸ್ವಂತದ್ದೊಂದು ಕ್ಯಾಂಟರ್ ಇದೆ. ತಿಪಟೂರು, ಅರಸೀಕೆರೆ ಕಡೆಯಿಂದ ಬೆಂಗಳೂರಿಗೆ ತೆಂಗಿನಕಾಯಿ ಲೋಡ್ ಹೊಡೆಯುತ್ತೇನೆ. ಓನರ್ ನಾನೇ, ಡ್ರೈವರ್ ನಾನೇ, ಜೊತೆಗೆ ಒಬ್ಬ ಕ್ಲೀನರ್ ಹುಡುಗ. ನನ್ನ ಥರದವರು ಈ ರಸ್ತೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಹತ್ತಿಪ್ಪತ್ತು ಲಾರಿ ಇಟ್ಟುಕೊಂಡು ದೊಡ್ಡ ಕಂಪನಿಗೆ ಕಾಂಟ್ರಾಕ್ಟ್ ಮೇಲೆ ಓಡಿಸುವವರ ಕಥೆ ಬೇರೆ. ಅವರ ಕರಾರಿನಲ್ಲಿ ಡೀಸೆಲ್ ಇಷ್ಟು ಏರಿದರೆ ಬಾಡಿಗೆ ಇಷ್ಟು ಏರಬೇಕು ಅಂತ ಮೊದಲೇ ಬರೆದಿರುತ್ತಾರೆ. ನಮ್ಮದು ಬಾಯಿಮಾತಿನ ಬಾಡಿಗೆ. ಫೋನಿನಲ್ಲಿ ಮಾತು, ಕೈಗೆ ಸ್ವಲ್ಪ ಅಡ್ವಾನ್ಸು, ಉಳಿದದ್ದು ಬಾಕಿ.

ಏಪ್ರಿಲ್ 2ರ ಬೆಳಿಗ್ಗೆ ಬಂಕಿಗೆ ಗಾಡಿ ಹಾಕಿದೆ. ಹುಡುಗ ಎಂದಿನಂತೆ "ಜೀರೋ ನೋಡ್ಕೊಳ್ಳಿ ಅಣ್ಣ" ಅಂದ. ಜೀರೋ ಪಕ್ಕದಲ್ಲಿ ಹೊಸ ರೇಟು ಕೂತಿತ್ತು. "ಯಾವಾಗಪ್ಪ ಆಗಿದ್ದು ಇದು?" ಅಂದೆ. "ನಂಗೇನ್ ಗೊತ್ತಣ್ಣ, ಬೆಳಿಗ್ಗೆ ಬಂದಾಗ ಮೆಷಿನ್ನಲ್ಲೇ ಇತ್ತು" ಅಂದ. ಅವನ ಮೇಲೆ ರೇಗಿ ಏನು ಪ್ರಯೋಜನ? ಹಿಂದಿನಿಂದ ಒಂದು ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ. ಹಾಕಿಸಿಕೊಂಡು ಹೊರಟೆ. ಕ್ಯಾತ್ಸಂದ್ರ ಟೋಲ್‌ಗೆ ಬಂದರೆ ಅಲ್ಲೂ ಫಾಸ್ಟ್ಯಾಗ್‌ನಿಂದ ಹೊಸ ದರ ಕಟ್ ಆಯಿತು, ಯಾಕೆಂದರೆ ಹೆದ್ದಾರಿ ಟೋಲ್ ಪ್ರತಿ ವರ್ಷ ಏಪ್ರಿಲ್ 1ಕ್ಕೇ ಬದಲಾಗುತ್ತದೆ. ಅದೇ ದಿನ ನಂದಿನಿ ಹಾಲಿಗೂ ನಾಲ್ಕು ರೂಪಾಯಿ ಏರಿತ್ತು. ಮೂರ್ಖರ ದಿನ ಅಂತ ಸುಮ್ನೆ ಹೇಳುವುದಿಲ್ಲ ನೋಡಿ.

ಎರಡು ರೂಪಾಯಿ ತಾನೆ ಅಂತ ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ತಿಪಟೂರಿನಿಂದ ಯಶವಂತಪುರಕ್ಕೆ ಹೋಗಿ ಬರಲು ಸುಮಾರು 280 ಕಿ.ಮೀ. ಲೋಡ್ ಇದ್ದಾಗ, ಖಾಲಿ ಇದ್ದಾಗ ಎಲ್ಲ ಸೇರಿಸಿ ಲೀಟರ್‌ಗೆ ಏಳು ಕಿ.ಮೀ. ಕೊಟ್ಟರೆ 40 ಲೀಟರ್ ಬೇಕು. 2024ರ ಜೂನ್ 14ರವರೆಗೆ ಡೀಸೆಲ್ ದರ ಬೆಂಗಳೂರಿನಲ್ಲಿ 85.93 ಇತ್ತು. ಜೂನ್ 15ಕ್ಕೆ ರಾಜ್ಯ ಸರ್ಕಾರ ತೆರಿಗೆ ಏರಿಸಿತು, ಡೀಸೆಲ್ 89ರ ಹತ್ತಿರ ಹೋಯಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಎರಡು. ಹತ್ತು ತಿಂಗಳೊಳಗೆ ಐದು ರೂಪಾಯಿ ಮೇಲಾಯಿತು, ಅದೂ ರಾಜ್ಯದ ತೆರಿಗೆ ಒಂದರಿಂದಲೇ. ಟ್ರಿಪ್ಪಿಗೆ ಇನ್ನೂರು ರೂಪಾಯಿ. ನನ್ನದೂ ಕ್ಲೀನರ್‌ದೂ ದಾರಿಯ ಊಟ, ಕಾಫಿ ಅದರಲ್ಲಿ ಮುಗಿಯುತ್ತಿತ್ತು. ಇನ್ಶೂರೆನ್ಸು, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟು), ಟೈರು, ಬಿಎಸ್-6 ಅನ್ನುವ ಹೊಸ ಹೊಗೆ ನಿಯಮದ ಗಾಡಿಯಾದರೆ ಹೊಗೆ ಶುದ್ಧ ಮಾಡಲು ಹಾಕುವ ಯೂರಿಯಾ ದ್ರವ, ಇದೆಲ್ಲ ಬೇರೆ.

ಬಾಡಿಗೆ ಜಾಸ್ತಿ ಕೇಳಬಹುದಲ್ಲ ಅಂತೀರಿ. ಕೇಳಿದೆ. ಮಂಡಿ ಸಾಹುಕಾರರು ಏನಂದರು ಗೊತ್ತಾ? "ಏನಪ್ಪಾ, ಎರಡು ರೂಪಾಯಿ ಏರಿದ್ದಕ್ಕೆ ಬಾಡಿಗೆ ಏರಿಸು ಅಂತೀಯ, ಹೋದ ವರ್ಷ ಎಲೆಕ್ಷನ್ ಮುಂಚೆ ಎರಡು ರೂಪಾಯಿ ಇಳಿದಾಗ ಕಮ್ಮಿ ತಗೊಂಡಿದ್ಯಾ?" ನಿಜ ಹೇಳಬೇಕೆಂದರೆ ಅವರ ಮಾತಿನಲ್ಲೂ ನ್ಯಾಯ ಇದೆ. ಯಾವಾಗ ಏರುತ್ತೆ, ಯಾವಾಗ ಇಳಿಯುತ್ತೆ, ಯಾಕೆ ಅಂತ ಯಾರಿಗೂ ಗೊತ್ತಿಲ್ಲದ ದರಕ್ಕೆ ಬಾಡಿಗೆಯನ್ನು ಕಟ್ಟಿಹಾಕಿಕೊಳ್ಳಲು ಸಾಹುಕಾರರೂ ಒಪ್ಪುವುದಿಲ್ಲ, ನಾವೂ ಒಪ್ಪುವುದಿಲ್ಲ. ಹಾಗಾಗಿ ಪ್ರತಿ ಸಲ ಚೌಕಾಸಿ, ಪ್ರತಿ ಸಲ ಮನಸ್ತಾಪ, ಕೊನೆಗೆ ಯಾರಿಗೆ ತುರ್ತಿದೆಯೋ ಅವರು ಸೋಲುತ್ತಾರೆ. ಗಾಡಿ ಸಾಲ ಇರುವವನಿಗೇ ಯಾವತ್ತೂ ತುರ್ತು.

ನನ್ನ ತಕರಾರು ಇರೋದು ಇಲ್ಲೇ. ದರ ಜಾಸ್ತಿ ಅನ್ನೋದು ಒಂದು, ಅದರ ಲೆಕ್ಕ ನಮಗೆ ಸಿಗದೇ ಇರೋದು ಇನ್ನೊಂದು. ಎರಡನೆಯದೇ ಹೆಚ್ಚು ಹೊಟ್ಟೆ ಉರಿಸುತ್ತದೆ.

ಪೆಟ್ರೋಲ್ ದರವನ್ನು 2010ರ ಜೂನ್‌ನಲ್ಲಿ, ಡೀಸೆಲ್ ದರವನ್ನು 2014ರ ಅಕ್ಟೋಬರ್‌ನಲ್ಲಿ ಸರ್ಕಾರದ ಹಿಡಿತದಿಂದ ಬಿಟ್ಟರು. ಆಮೇಲೆ 2017ರ ಜೂನ್ 16ರಿಂದ ದಿನಾ ಬೆಳಿಗ್ಗೆ ಆರು ಗಂಟೆಗೆ ಹೊಸ ದರ ಅಂತ ನಿಯಮ ಮಾಡಿದರು. ಆಗ ಹೇಳಿದ್ದೇನು? ಹೊರಗಡೆ ಕಚ್ಚಾ ತೈಲ ಇಳಿದರೆ ಆ ಲಾಭ ದಿನದಿನಕ್ಕೆ ಗಿರಾಕಿಗೆ ಸಿಗುತ್ತದೆ, ಏರಿದರೂ ಒಂದೇ ಸಲ ಹೊಡೆತ ಬೀಳುವುದಿಲ್ಲ, ಪೈಸೆ ಪೈಸೆಯಲ್ಲಿ ಹೋಗುತ್ತದೆ ಅಂತ. ಚೆನ್ನಾಗಿಯೇ ಇತ್ತು ಮಾತು. ಆದರೆ ನಡೆದಿದ್ದೇ ಬೇರೆ.

2018ರ ಮೇ 12ಕ್ಕೆ ನಮ್ಮ ವಿಧಾನಸಭೆಗೆ ಮತದಾನ. ಅದಕ್ಕೆ ಮುಂಚೆ ಏಪ್ರಿಲ್ 24ರಿಂದ ದರ ಅಲ್ಲಾಡಲೇ ಇಲ್ಲ. ಮತದಾನ ಮುಗಿದ ಮೇಲೆ ಮೇ 14ಕ್ಕೆ ಮತ್ತೆ ಏರಿಕೆ ಶುರು. 2021ರ ನವೆಂಬರ್‌ನಿಂದ ಉತ್ತರ ಪ್ರದೇಶ, ಪಂಜಾಬ್ ಚುನಾವಣೆ ಮುಗಿಯುವವರೆಗೂ ದರ ನಿಂತಲ್ಲೇ ನಿಂತಿತ್ತು, 2022ರ ಮಾರ್ಚ್ 22ರಿಂದ 80 ಪೈಸೆ, 80 ಪೈಸೆ ಅಂತ ಏರುತ್ತಾ ಎರಡೇ ವಾರದಲ್ಲಿ ಹತ್ತು ರೂಪಾಯಿ ಆಯಿತು. ಅದೇ ವರ್ಷ ಮೇ ತಿಂಗಳಲ್ಲಿ ಕೇಂದ್ರ ಎಕ್ಸೈಸ್ ಸುಂಕ ಇಳಿಸಿದ ಮೇಲೆ ನಮ್ಮಲ್ಲಿ ಡೀಸೆಲ್ 87.89, ಪೆಟ್ರೋಲ್ 101.94ಕ್ಕೆ ನಿಂತವು. 2024ರ ಮಾರ್ಚ್‌ವರೆಗೆ ಹಾಗೇ ಇದ್ದವು. ದಿನಾ ಬದಲಾಗಬೇಕಾದ ದರ ಎರಡು ವರ್ಷದ ಹತ್ತಿರ ಬದಲಾಗಲಿಲ್ಲ! ಆಮೇಲೆ ಮಾರ್ಚ್ 15ಕ್ಕೆ ಎರಡು ರೂಪಾಯಿ ಇಳಿಯಿತು, ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆ. ಜೂನ್ 4ಕ್ಕೆ ಫಲಿತಾಂಶ ಬಂತು, ಜೂನ್ 15ಕ್ಕೆ ನಮ್ಮ ರಾಜ್ಯ ಸರ್ಕಾರ ಏರಿಸಿತು. ಕೇಂದ್ರದಲ್ಲಿ ಒಂದು ಪಕ್ಷ, ರಾಜ್ಯದಲ್ಲಿ ಇನ್ನೊಂದು, ಕ್ಯಾಲೆಂಡರ್ ಮಾತ್ರ ಇಬ್ಬರದೂ ಒಂದೇ.

ತೈಲ ಕಂಪನಿಗಳು ಹೇಳುವುದನ್ನೂ ಕೇಳೋಣ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಕಚ್ಚಾ ತೈಲ ಬ್ಯಾರೆಲ್‌ಗೆ 120 ಡಾಲರ್ ದಾಟಿತ್ತು, ಆಗ ನಾವು ನಷ್ಟ ಹೊತ್ತುಕೊಂಡೆವು, ಅದನ್ನು ಆಮೇಲೆ ತುಂಬಿಕೊಂಡೆವು ಅನ್ನುತ್ತಾರೆ. ಒಪ್ಪೋಣ. ಆದರೆ 2023-24ರಲ್ಲಿ ಮೂರು ಸರ್ಕಾರಿ ತೈಲ ಕಂಪನಿಗಳು ಸೇರಿ ಸುಮಾರು 81 ಸಾವಿರ ಕೋಟಿ ಲಾಭ ಮಾಡಿದವು. ತುಂಬಿದ ಮೇಲೂ ಹುಯ್ಯುತ್ತಲೇ ಇದ್ದರು ಅಂತ ಆಯಿತಲ್ಲ.

2025ರ ಏಪ್ರಿಲ್ ತಿಂಗಳನ್ನೇ ನೋಡಿ. ಅಮೆರಿಕ ಸುಂಕದ ಜಗಳ ತೆಗೆದ ಮೇಲೆ ಕಚ್ಚಾ ತೈಲ 60-65 ಡಾಲರ್‌ಗೆ ಬಿತ್ತು. ನಾವೆಲ್ಲ ಇನ್ನೇನು ಇಳಿಯುತ್ತೆ ಅಂತ ಕಾದೆವು. ಏಪ್ರಿಲ್ 8ರಿಂದ ಕೇಂದ್ರ ಸರ್ಕಾರ ಲೀಟರ್‌ಗೆ ಎರಡು ರೂಪಾಯಿ ಎಕ್ಸೈಸ್ ಸುಂಕ ಏರಿಸಿತು. ಗಿರಾಕಿಗೆ ಹೊರೆ ಇಲ್ಲ, ಕಂಪನಿಗಳೇ ಭರಿಸುತ್ತವೆ ಅಂದರು. ಹೊರೆ ಇಲ್ಲ ಸರಿ, ನಮಗೆ ಇಳಿಯಬೇಕಾಗಿದ್ದ ಎರಡು ರೂಪಾಯಿ ಎಲ್ಲಿ ಹೋಯಿತು? 2020ರಲ್ಲಿ ಕೊರೊನಾ ಸಮಯದಲ್ಲೂ ಹೀಗೇ ಆಗಿತ್ತು. ಪ್ರಪಂಚದಲ್ಲಿ ಕಚ್ಚಾ ತೈಲ ಕೇಳುವವರೇ ಇರಲಿಲ್ಲ, ಇಲ್ಲಿ ಮೇ ತಿಂಗಳಲ್ಲಿ ಪೆಟ್ರೋಲ್ ಮೇಲೆ ಹತ್ತು, ಡೀಸೆಲ್ ಮೇಲೆ ಹದಿಮೂರು ರೂಪಾಯಿ ಸುಂಕ ಹಾಕಿದರು.

ರಾಜ್ಯದವರನ್ನು ಕೇಳಿದರೆ ಪಕ್ಕದ ರಾಜ್ಯ ತೋರಿಸುತ್ತಾರೆ. ಹೊಸೂರಲ್ಲಿ ಇನ್ನೂ ಜಾಸ್ತಿ, ಕಾಸರಗೋಡಲ್ಲಿ ಇನ್ನೂ ಜಾಸ್ತಿ, ಅನಂತಪುರದಲ್ಲಿ ಕೇಳಲೇಬೇಡಿ ಅಂತ. ಸುಳ್ಳಲ್ಲ. ತಲಪಾಡಿ ಕಡೆ ಕೇರಳದ ಗಾಡಿಗಳು ಈ ಕಡೆ ಬಂದು ಟ್ಯಾಂಕ್ ಫುಲ್ ಮಾಡಿಸಿಕೊಂಡು ಹೋಗುವುದು ಎಲ್ಲರಿಗೂ ಗೊತ್ತು. ಆದರೆ ನನ್ನ ಬಾಡಿಗೆ ಹೊಸೂರಿನ ಲೆಕ್ಕದಲ್ಲಿ ಬರುವುದಿಲ್ಲವಲ್ಲ ಸ್ವಾಮಿ. ಇನ್ನೊಂದು ಮಾತು. 2025ರ ಜನವರಿ 5ರಿಂದ ಸರ್ಕಾರಿ ಬಸ್ಸಿನ ಟಿಕೆಟ್ ದರ ಶೇ 15 ಏರಿತು. ಡೀಸೆಲ್ ಖರ್ಚು ಜಾಸ್ತಿಯಾಗಿದೆ ಅಂತ ಕಾರಣ ಕೊಟ್ಟರು. ಸರ್ಕಾರದ ಬಸ್ಸಿಗೆ ಅರ್ಥವಾಗುವ ಕಷ್ಟ ನಮ್ಮ ಗಾಡಿಗೆ ಬಂದಾಗ ಯಾಕೆ ಅರ್ಥವಾಗುವುದಿಲ್ಲ?

2025ರ ಏಪ್ರಿಲ್ 14ರ ಮಧ್ಯರಾತ್ರಿಯಿಂದ ಲಾರಿ ಮಾಲೀಕರು ಮುಷ್ಕರ ಮಾಡಿದರು. 17ಕ್ಕೆ ವಾಪಸ್ ತೆಗೆದುಕೊಂಡರು. ಡೀಸೆಲ್ ದರ ಇಳಿಯಲಿಲ್ಲ. ಗಾಡಿ ನಿಲ್ಲಿಸಿದ ದಿನಗಳ ಕಂತು ಮಾತ್ರ ನಿಲ್ಲಲಿಲ್ಲ. ಮುಷ್ಕರ ತಪ್ಪು ಅಂತಲ್ಲ, ಆದರೆ ಒಂದೇ ಗಾಡಿ ಇರುವವನಿಗೆ ಅದು ದುಬಾರಿ ಆಯುಧ.

ಜಿಎಸ್‌ಟಿಗೆ ಸೇರಿಸಿ ಅನ್ನುವ ಬೇಡಿಕೆ ಹಳೆಯದು. 2021ರ ಸೆಪ್ಟೆಂಬರ್‌ನಲ್ಲಿ ಲಖನೌದಲ್ಲಿ ಜಿಎಸ್‌ಟಿ ಮಂಡಳಿ ಸಭೆ ಸೇರಿದಾಗ ಈಗ ಬೇಡ ಅಂದುಬಿಟ್ಟರು. ನನಗಂತೂ ಅದರ ಮೇಲೆ ಆಸೆ ಇಲ್ಲ. ಲೀಟರ್ ಡೀಸೆಲ್‌ನಲ್ಲಿ ಎರಡೂ ಸರ್ಕಾರಗಳಿಗೆ ಸೇರಿ 2025ರ ಏಪ್ರಿಲ್ ಹೊತ್ತಿಗೆ 30 ರೂಪಾಯಿಗೂ ಜಾಸ್ತಿ ಹೋಗುತ್ತಿತ್ತು, ಯಾರು ಬಿಡುತ್ತಾರೆ?

ಅಷ್ಟು ದೊಡ್ಡದು ಬೇಡ. ಖರ್ಚಿಲ್ಲದ ಎರಡು ಕೆಲಸ ಮಾಡಲಿ. ರಾಜ್ಯವಾಗಲಿ ಕೇಂದ್ರವಾಗಲಿ ತೆರಿಗೆ ಬದಲಾಯಿಸುವುದಾದರೆ ಒಂದು ವಾರ ಮೊದಲು ಹೇಳಲಿ. ಬಂಕಿನವರು ಕೂಡಿಟ್ಟುಕೊಳ್ಳುತ್ತಾರೆ ಅನ್ನಬಹುದು, ಆದರೆ ಬಂಕಿನ ಟ್ಯಾಂಕಿಗೂ ಒಂದು ಅಳತೆ ಇದೆ, ಎಷ್ಟು ಬಂತು ಎಷ್ಟು ಹೋಯಿತು ಅನ್ನುವ ಲೆಕ್ಕ ಕಂಪನಿ ಹತ್ತಿರವೇ ಇರುತ್ತದೆ. ಒಂದು ವಾರ ಸಿಕ್ಕರೆ ಒಪ್ಪಿಕೊಂಡ ಲೋಡುಗಳನ್ನು ಹಳೆಯ ದರದಲ್ಲಿ ಮುಗಿಸಿ, ಹೊಸ ಲೋಡಿಗೆ ಹೊಸ ಬಾಡಿಗೆ ಮಾತಾಡಬಹುದು.

ಇನ್ನೊಂದು, ಬಂಕಿನ ಬಿಲ್. ಕರೆಂಟ್ ಬಿಲ್ ತೆಗೆದು ನೋಡಿ, ನಿಗದಿತ ಶುಲ್ಕ ಎಷ್ಟು, ಯೂನಿಟ್‌ಗೆ ಎಷ್ಟು, ತೆರಿಗೆ ಎಷ್ಟು ಅಂತ ಸಾಲುಸಾಲಾಗಿ ಇರುತ್ತದೆ. ಡೀಸೆಲ್ ಬಿಲ್‌ನಲ್ಲಿ ಲೀಟರ್, ದರ, ಮೊತ್ತ, ಅಷ್ಟೇ. ಅದರಲ್ಲೇ ಕಂಪನಿ ದರ ಎಷ್ಟು, ಕೇಂದ್ರದ ಸುಂಕ ಎಷ್ಟು, ಡೀಲರ್ ಕಮಿಷನ್ ಎಷ್ಟು, ರಾಜ್ಯದ ತೆರಿಗೆ ಎಷ್ಟು ಅಂತ ನಾಲ್ಕು ಸಾಲು ಹಾಕಲಿ. ಆಗ ಆ ಚೀಟಿ ಹಿಡಿದುಕೊಂಡು ಹೋಗಿ ಸಾಹುಕಾರರ ಮುಂದೆ ಇಡಬಹುದು, ಏರಿದ್ದು ಯಾರಿಂದ, ಎಷ್ಟು ಅಂತ ಅವರೇ ಓದಿಕೊಳ್ಳುತ್ತಾರೆ, ಇಳಿದಾಗ ಅದೇ ಚೀಟಿ ತೋರಿಸಿ ಅವರೂ ಕಮ್ಮಿ ಕೇಳಲಿ, ನಾನು ಬೇಡ ಅನ್ನುವುದಿಲ್ಲ. ಬಿಲ್‌ನಲ್ಲಿ ಜಾಗ ಇಲ್ಲ ಅನ್ನುವ ಹಾಗಿದ್ದರೆ ಕೊನೆಯಲ್ಲಿರುವ "ಧನ್ಯವಾದಗಳು, ಮತ್ತೆ ಬನ್ನಿ" ತೆಗೆದುಹಾಕಲಿ. ಹೇಗಿದ್ದರೂ ನಾಳೆ ಬಂದೇ ಬರುತ್ತೇವೆ.

ಇಂತಿ,
ಒಬ್ಬ ಕ್ಯಾಂಟರ್ ಚಾಲಕ, ತಿಪಟೂರು