ಗ್ರೀಕ್ ರೋಮನ್ ಸುಭಾಷಿತ ಸಾಕು, ಅವರ ಲೆಕ್ಕದ ಪುಸ್ತಕ ತೆಗೀರಿ

ಮಾನ್ಯ ಸಂಪಾದಕರೇ,

ಹಳೇ ಗ್ರೀಕರು, ರೋಮನ್ನರಿಂದ ನಾವು ಇವತ್ತು ಏನು ಕಲೀಬಹುದು ಅಂತ ನಿಮ್ಮ ಪತ್ರಿಕೆಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದ್ರೆ ಮತ್ತದೇ ರೋಮನ್ ಚಕ್ರವರ್ತಿ ಮಾರ್ಕಸ್ ಅರೇಲಿಯಸ್, ಮತ್ತದೇ ತತ್ವಜ್ಞಾನಿ ಸೆನೆಕಾ, ಕೋಪ ಬಿಡಿ, ಸಾವು ನೆನಪಿರಲಿ, ನಿಮ್ಮ ಕೈಲಿಲ್ಲದ್ದಕ್ಕೆ ತಲೆ ಕೆಡಿಸ್ಕೋಬೇಡಿ. ಇದೆಲ್ಲ ದಿನಾ ಬೆಳಿಗ್ಗೆ ಸೂರ್ಯೋದಯದ ಫೋಟೋ ಮೇಲೆ ಬರೆಸ್ಕೊಂಡು ವಾಟ್ಸಾಪಿಗೆ ಬಂದು ಕೂತಿರುತ್ತೆ ಸಾರ್, ಅದರಲ್ಲಿ ಎಷ್ಟೋ ಮಾತು ಅವರು ಹೇಳಿದ್ದೇ ಅಲ್ಲ. ಮಾರ್ಕಸ್ ಪಾಪ ಡ್ಯಾನ್ಯೂಬ್ ನದಿ ಕಡೆ ಯುದ್ಧದ ಮಧ್ಯೆ ತನಗೆ ತಾನೇ ಹೇಳ್ಕೊಳ್ಳೋಕೆ ಅಂತ ಗ್ರೀಕಲ್ಲಿ ಬರ್ಕೊಂಡಿದ್ದು, ಯಾರಿಗೂ ಫಾರ್ವರ್ಡ್ ಮಾಡೋಕಲ್ಲ. ಅಷ್ಟೆಲ್ಲ ಬರ್ಕೊಂಡವನು ಕ್ರಿ.ಶ. 180ರಲ್ಲಿ ಸಾಯುವಾಗ ಸಾಮ್ರಾಜ್ಯನ ಕೊಮೊಡಸ್ ಅನ್ನೋ ಮಗನ ಕೈಗೆ ಬಿಟ್ಟು ಹೋದ, ಆ ಮಗ ಏನೇನು ಮಾಡಿದ ಅಂತ ಗೊತ್ತಿರೋರಿಗೆ ಗೊತ್ತು. ಮಕ್ಕಳ ವಿಷಯ ಬಂದಾಗ ತತ್ವಜ್ಞಾನ ಕೈ ಕೊಡುತ್ತೆ ಅನ್ನೋದೊಂದೇ ನನಗೆ ಅಲ್ಲಿ ಕಂಡಿದ್ದು.

ನಾನು ಜೀವನ ಪೂರ್ತಿ ಬೇರೆಯವರ ಲೆಕ್ಕಪುಸ್ತಕ ತಿರುವಿ ಹಾಕಿದವನು, ಹಾಗಾಗಿ ನನ್ನ ಕಣ್ಣು ಬೇರೆ ಕಡೆ ಹೋಗುತ್ತೆ. ಆ ಜನ ನನಗೆ ಇಷ್ಟ ಆಗೋದು ಅವರ ದೊಡ್ಡ ಮಾತಿಗಲ್ಲ, ತಮ್ಮ ಮೇಲೇ ಅವರಿಗಿದ್ದ ಅನುಮಾನಕ್ಕೆ. ನಾವೇ ನಾಳೆ ತಪ್ಪು ಮಾಡ್ತೀವಿ, ಅಧಿಕಾರ ಕೊಟ್ಟವನು ಕೈ ಬಾಯಿ ಸುಮ್ಮನೆ ಇಟ್ಕೊಳ್ಳಲ್ಲ ಅಂತ ಮೊದಲೇ ಅಂದ್ಕೊಂಡು ಅದಕ್ಕೆ ಬೇಕಾದ ಏರ್ಪಾಟು ಮಾಡಿಟ್ಟಿದ್ರು.

ಏರ್ಪಾಟಿಲ್ಲದೆ ಬರೀ ಪುಣ್ಯದಿಂದ ಬಚಾವಾಗಿದ್ದೂ ಇದೆ, ಅದನ್ನೇ ಮೊದಲು ಹೇಳ್ತೀನಿ. ಕ್ರಿ.ಪೂ. 427. ಲೆಸ್ಬೋಸ್ ದ್ವೀಪದ ಮಿಟಿಲೀನಿ ಅನ್ನೋ ಊರು ಅಥೆನ್ಸ್ ವಿರುದ್ಧ ದಂಗೆ ಎದ್ದು ಸೋತಿತ್ತು. ಅಥೆನ್ಸ್ ಜನಸಭೆ ಸಿಟ್ಟಿನ ಭರದಲ್ಲಿ ಆ ಊರಿನ ವಯಸ್ಸಿಗೆ ಬಂದ ಗಂಡಸರನ್ನೆಲ್ಲ ಕೊಲ್ಲಬೇಕು, ಹೆಂಗಸರು ಮಕ್ಕಳನ್ನ ಗುಲಾಮರಾಗಿ ಮಾರಬೇಕು ಅಂತ ಕೈ ಎತ್ತಿ ತೀರ್ಮಾನ ಮಾಡಿ, ಆವತ್ತೇ ಹಡಗು ಕಳಿಸಿಬಿಡ್ತು. ರಾತ್ರಿ ಕಳೀತು. ಬೆಳಿಗ್ಗೆ ಜನಕ್ಕೆ ಮನಸ್ಸು ಚುಚ್ಚೋಕೆ ಶುರು ಆಯ್ತು, ಇದೇನು ಮಾಡಿಬಿಟ್ವಿ, ತಪ್ಪಿತಸ್ಥರ ಜೊತೆ ಇಡೀ ಊರನ್ನೇ ಕೊಲ್ಲೋದಾ ಅಂತ. ಮತ್ತೆ ಸಭೆ ಸೇರಿದ್ರು. ಕ್ಲಿಯಾನ್ ಅನ್ನೋನು ಒಂದು ಸಲ ಹೇಳಿದ್ದು ಹೇಳಿದ್ದೇ, ದಿನಕ್ಕೊಂದು ಮಾತಾಡಬೇಡಿ ಅಂತ ಕೂಗಾಡಿದ. ಡಯೊಡೋಟಸ್ ಅನ್ನೋನು ಎದ್ದು ನಿಂತು ಆತುರ ಮತ್ತೆ ಕೋಪ ಇವೆರಡು ಇದ್ದ ಕಡೆ ಸರಿಯಾದ ತೀರ್ಮಾನ ಹುಟ್ಟಲ್ಲ ಅಂತ ಸಮಾಧಾನವಾಗಿ ಹೇಳಿದ. ಕೈ ಎತ್ತಿಸಿದಾಗ ಹೆಚ್ಚು ಕಮ್ಮಿ ಸಮ ಸಮ, ಕೂದಲೆಳೆಲಿ ಡಯೊಡೋಟಸ್ ಗೆದ್ದ.

ಆದ್ರೆ ಹಡಗು ಹೊರಟು ಒಂದು ಹಗಲು ಒಂದು ರಾತ್ರಿ ಆಗಿತ್ತಲ್ಲ! ಎರಡನೇ ಹಡಗು ಹೊರಡಿಸಿದ್ರು. ಆ ಕಾಲದ ಇತಿಹಾಸಕಾರ ಥುಸಿಡಿಡೀಸ್ ಇಲ್ಲಿ ಬರೆದಿರೋದು ನನಗೆ ಮರೆಯೋಕೇ ಆಗಲ್ಲ. ಹುಟ್ಟು ಹಾಕೋರು ಊಟಕ್ಕೆ ಅಂತಲೂ ನಿಲ್ಲಲಿಲ್ಲವಂತೆ, ಬಾರ್ಲಿ ಹಿಟ್ಟಿಗೆ ವೈನು ಎಣ್ಣೆ ಹಾಕಿ ಕಲಸಿದ್ದನ್ನ ಹುಟ್ಟು ಹಾಕ್ತಾನೇ ಬಾಯಿಗೆ ಹಾಕ್ಕೊಂಡು, ಸರದಿ ಪ್ರಕಾರ ಒಬ್ಬೊಬ್ಬರು ಮಲಗಿ, ರಾತ್ರಿ ಹಗಲು 300 ಕಿಲೋಮೀಟರಿಗೂ ಜಾಸ್ತಿ ಹೋದ್ರು. ಮೊದಲ ಹಡಗಿನೋರು ಹೊತ್ತಿದ್ದು ಕೆಟ್ಟ ಸುದ್ದಿ ಆದ್ರಿಂದ ಅವರಿಗೇನೂ ಅವಸರ ಇರಲಿಲ್ಲ. ಸೇನಾಪತಿ ಕೊಲ್ಲೋ ಆಜ್ಞೆ ಓದಿ ಮುಗಿಸಿದ್ದ, ಇನ್ನೇನು ಶುರು ಮಾಡಬೇಕು, ಅಷ್ಟರಲ್ಲಿ ಎರಡನೇ ಹಡಗು ಬಂತು. ಹಾಗಂತ ಎಲ್ಲಾ ಸುಖಾಂತ್ಯ ಅಂದ್ಕೋಬೇಡಿ, ದಂಗೆಗೆ ಮುಖ್ಯ ಕಾರಣ ಅಂತ ಸಾವಿರಕ್ಕೂ ಮಿಕ್ಕಿ ಜನರನ್ನ ಆಮೇಲೆ ಕೊಂದ್ರು ಅಂತಲೂ ಅದೇ ಥುಸಿಡಿಡೀಸ್ ಬರೆದಿದಾನೆ.

ನಮಗೆ ಈಗ ಮೊದಲ ಹಡಗು ಕಳಿಸೋಕೆ ಹೆಬ್ಬೆರಳು ಸಾಕು. ನಾನೇ ಒಂದು ಸಲ ರಾತ್ರಿ ಹನ್ನೊಂದೂವರೆಗೆ ಸ್ವಂತ ತಮ್ಮನಿಗೆ ಏನೇನೋ ಟೈಪ್ ಮಾಡಿ ಕಳಿಸಿ, ಬೆಳಿಗ್ಗೆ ಎದ್ದು ಡಿಲೀಟ್ ಮಾಡೋಣ ಅಂತ ನೋಡಿದ್ರೆ ಎರಡು ನೀಲಿ ಟಿಕ್ ಬಿದ್ದಿತ್ತು. ಎರಡು ವರ್ಷ ಮಾತಿಲ್ಲ ಸಾರ್ ನಮ್ಮಿಬ್ಬರಿಗೂ.

ಇನ್ನು ಏರ್ಪಾಟಿನ ವಿಷಯ. ಅಥೆನ್ಸಲ್ಲಿ ಯಾವುದೇ ಅಧಿಕಾರ ಮುಗಿದ ಮೇಲೆ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕಿತ್ತು, ನೋಡೋರು ಚೀಟಿ ಎತ್ತಿ ಆರಿಸಿದ ಹತ್ತು ಜನ ತಪಾಸಕರು. ಕದ್ದಿದ್ದು ಸಾಬೀತಾದ್ರೆ ಕದ್ದಿದ್ದರ ಹತ್ತರಷ್ಟು ದಂಡ. ಲೆಕ್ಕ ಮುಗಿಯೋವರೆಗೆ ಆ ಮನುಷ್ಯ ದೇಶ ಬಿಟ್ಟು ಹೋಗೋ ಹಾಗಿಲ್ಲ, ಉಯಿಲು ಬರೆಯೋ ಹಾಗಿಲ್ಲ, ಆಸ್ತಿನ ದೇವರಿಗೆ ಕೊಟ್ಟು ಪಾರಾಗೋ ಹಾಗೂ ಇಲ್ಲ. ಸರ್ಕಾರದ ದುಡ್ಡೇ ಮುಟ್ಟದವನು ಕೂಡ "ಸಾರ್ವಜನಿಕರ ಹಣ ನಾನು ಪಡೆದೂ ಇಲ್ಲ, ಖರ್ಚು ಮಾಡಿಯೂ ಇಲ್ಲ" ಅಂತ ಬರೆದು ಕೊಡಬೇಕಿತ್ತು. ಅದು ಓದಿದಾಗ ನಾನು ಒಬ್ಬನೇ ಕೂತು ಚಪ್ಪಾಳೆ ಹೊಡೆದೆ, ಯಾಕಂದ್ರೆ ಇಂಥ ನಿಲ್ ರಿಪೋರ್ಟ್ ಕೇಳಿದ್ದಕ್ಕೆ ನಾನು ಎಷ್ಟು ಜನರ ಹತ್ರ ಬೈಸ್ಕೊಂಡಿದೀನೋ.

ಅದಕ್ಕಿಂತ ಚೆನ್ನಾಗಿರೋದು ಇನ್ನೊಂದು ನಿಯಮ. ಲೆಕ್ಕ ಒಪ್ಪಿಸೋ ಮೊದಲು ಅಧಿಕಾರಿಗೆ ಸನ್ಮಾನದ ಕಿರೀಟ ತೊಡಿಸೋ ಹಾಗಿಲ್ಲ! ದೊಡ್ಡ ಭಾಷಣಕಾರ ಡೆಮೊಸ್ತನೀಸ್‌ಗೆ ಚಿನ್ನದ ಕಿರೀಟ ಕೊಡೋಣ ಅಂತ ಟೆಸಿಫಾನ್ ಅನ್ನೋನು ಸೂಚಿಸಿದಾಗ, ಡೆಮೊಸ್ತನೀಸ್ ಲೆಕ್ಕ ಇನ್ನೂ ಬಾಕಿ ಇದೆ ಅಂತ ಅವನ ಎದುರಾಳಿ ಎಸ್ಕಿನೀಸ್ ಕೇಸ್ ಹಾಕಿದ, ವಿಚಾರಣೆ ನಡೆದಿದ್ದು ಕ್ರಿ.ಪೂ. 330ರಲ್ಲಿ. ಕಾನೂನಿನ ಮಾತು ಎಸ್ಕಿನೀಸ್ ಕಡೆ ಗಟ್ಟಿಯಾಗೇ ಇತ್ತು ಅಂತ ನನಗನ್ಸುತ್ತೆ, ಆದ್ರೂ ಐದರಲ್ಲಿ ಒಂದು ಪಾಲು ಮತನೂ ಬೀಳದೆ ಸೋತು ಊರೇ ಬಿಟ್ಟು ಹೋದ. ಜನಕ್ಕೆ ಇಷ್ಟವಾದವನ ಮುಂದೆ ನಿಯಮ ನಿಲ್ಲೋದು ಆಗಲೂ ಕಷ್ಟನೇ.

ಇದೆಲ್ಲ ಹೇಳುವಾಗ ಒಂದು ಮಾತು ಮುಚ್ಚಿಡಬಾರದು, ಆ ಸಭೇಲಿ ಕೈ ಎತ್ತೋ ಹಕ್ಕು ಹೆಂಗಸರಿಗೆ ಇರಲಿಲ್ಲ, ಗುಲಾಮರಿಗಂತೂ ಕೇಳೋದೇ ಬೇಡ. ಸುವರ್ಣಯುಗ ಅಂತ ಬರೆಯೋರು ಅಷ್ಟು ನೆನಪಿಟ್ಕೊಂಡು ಬರೀಲಿ.

ಈಗ ನನ್ನ ಹೀರೋ ಬಗ್ಗೆ. ಫ್ರಾಂಟಿನಸ್ ಅಂತ. ಬ್ರಿಟನ್ನಿಗೆ ಗವರ್ನರ್ ಆಗಿದ್ದವನು, ದೊಡ್ಡ ಮನುಷ್ಯ, ಅವನಿಗೆ ಕ್ರಿ.ಶ. 97ರಲ್ಲಿ ರೋಮ್ ನಗರದ ನೀರಿನ ಉಸ್ತುವಾರಿ ಕೊಟ್ರು. ಆಗ ಊರಿಗೆ ಒಂಬತ್ತು ಮೇಲ್ಗಾಲುವೆಲಿ ನೀರು ಬರ್ತಿತ್ತು, ಕೆಲಸಕ್ಕೆ 700 ಜನ ಗುಲಾಮರು. ಬೇರೆ ಯಾರಾದ್ರೂ ಆಗಿದ್ರೆ ಕೆಳಗಿನೋರು ಹೇಳಿದ ಕಡೆ ಸೈನ್ ಹಾಕಿ ಮನೆಗೆ ಹೋಗ್ತಿದ್ರು. ಇವನು ಸಹಾಯಕರು ಹೇಳಿದ ಹಾಗೆ ಕೆಲಸ ನಡೆಸೋದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ ಅಂತ ಹೇಳಿ, ಎಲ್ಲಾ ಕಾಲುವೆಗಳ ನಕ್ಷೆ ಬರೆಸಿ, ಹಳೇ ಕಡತ ತೆಗೆಸಿದ. ಕಡತದಲ್ಲಿ ಊರಿಗೆ ಬರೋ ನೀರು 12,755 ಕ್ವಿನಾರಿಯಾ, ಅದು ಅವರ ಪೈಪಿನ ಅಳತೆ. ಹಂಚಿದ್ದು ಎಷ್ಟು? 14,018. ಬಂದಿದ್ದಕ್ಕಿಂತ ಕೊಟ್ಟಿದ್ದೇ ಜಾಸ್ತಿ! ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ನಮ್ಮ ಹಿರಿಯರೊಬ್ಬರು ಹೇಳ್ತಿದ್ರು, ಲೆಕ್ಕ ಕಮ್ಮಿ ಬಂದ್ರೆ ಹುಡುಕು, ಜಾಸ್ತಿ ಬಂದ್ರೆ ಇನ್ನೂ ಚೆನ್ನಾಗಿ ಹುಡುಕು ಅಂತ. ಫ್ರಾಂಟಿನಸ್ ಅದನ್ನೇ ಮಾಡಿದ, ನೀರು ಹೊರಡೋ ಜಾಗದಲ್ಲೇ ಅಳತೆ ಮಾಡಿಸಿದ. ನೋಡಿದ್ರೆ ಕಡತದಲ್ಲಿ ಇರೋದಕ್ಕಿಂತ ಸುಮಾರು 10,000 ಕ್ವಿನಾರಿಯಾ ಜಾಸ್ತಿ ನೀರು ಬರ್ತಿದೆ, ದಾರೀಲಿ ಮಾಯ ಆಗ್ತಿದೆ.

ಎಲ್ಲಿಗೆ ಹೋಗ್ತಿತ್ತು ಅಂದ್ರೆ ಎಲ್ಲಾ ಕಡೆಗೂ. ಕಾಲುವೆ ಪಕ್ಕದ ಜಮೀನಿನೋರು ತೋಟಕ್ಕೆ ಅಂತ ಕಾಲುವೆ ಒಡೆದುಕೊಂಡಿದ್ರು. ನೀರಿನ ಹಕ್ಕು ಹೊಸಬರಿಗೆ ಹೋದಾಗ ನೀರುಗಂಟಿಗಳು ತೊಟ್ಟಿಗೆ ಹೊಸ ತೂತು ಕೊರೆದು, ಹಳೇ ತೂತು ಮುಚ್ಚದೆ ಹಾಗೇ ಬಿಟ್ಟು, ಅದರ ನೀರನ್ನ ತಾವು ಮಾರ್ಕೋತಿದ್ರು. ರಸ್ತೆ ಕಲ್ಲಿನ ಅಡಿಗೆ ಗುಟ್ಟಾಗಿ ಪೈಪು ಎಳೆದಿದ್ರು, ಅದನ್ನೆಲ್ಲ ಕೀಳಿಸಿದಾಗ ಸಿಕ್ಕ ಸೀಸದ ಲೋಹನೇ ರಾಶಿ ಆಗಿತ್ತಂತೆ. ತೊಟ್ಟಿಗೆ ಕೂರಿಸೋ ಪೈಪಿನ ಮೂತಿ ಕಂಚಿಂದೇ ಆಗಬೇಕು, ಕಮ್ಮಿ ಅಂದ್ರೆ 12 ಬೆರಳಗಲ ಉದ್ದ ಇರಬೇಕು, ಅದಕ್ಕೆ ಮುದ್ರೆ ಬಿದ್ದಿರಬೇಕು ಅನ್ನೋ ನಿಯಮ ಯಾಕೆ ಅಂತಲೂ ಬಿಡಿಸಿ ಬರೆದಿದಾನೆ, ಸೀಸ ಮೆತ್ತಗೆ, ಹಿಗ್ಗಿಸಬಹುದು, ಕಂಚು ಗಟ್ಟಿ, ಅಷ್ಟು ಸುಲಭಕ್ಕೆ ಬಗ್ಗಲ್ಲ. ಅಂದ್ರೆ ಪ್ರಾಮಾಣಿಕರಾಗಿರಿ ಅಂತ ಯಾರಿಗೂ ಉಪದೇಶ ಮಾಡೋಕೆ ಹೋಗಿಲ್ಲ, ಬಗ್ಗದ ಲೋಹ ಹಾಕಿಸಿದ್ರು.

ಇವನೂ ಮಾರ್ಕಸ್ ಥರಾನೇ ಮೊದಲು ತನ್ನ ಉಪಯೋಗಕ್ಕೆ ಅಂತ ಬರ್ಕೊಂಡಿದ್ದು ಇದು, ಆದ್ರೆ ಬರ್ಕೊಂಡಿದ್ದು ಪೈಪಿನ ಸುತ್ತಳತೆ, ಅಡ್ಡಳತೆ, ಆದ್ರಿಂದ ಸೂರ್ಯೋದಯದ ಫೋಟೋ ಮೇಲೆ ಇವನನ್ನ ಯಾರೂ ಹಾಕಲ್ಲ. ನೀವಾದ್ರೂ ಮುಂದಿನ ಸಲ ಸೆನೆಕಾಗೆ ಒಂದು ವಾರ ರಜೆ ಕೊಟ್ಟು ಇವನಿಗೆ ಅರ್ಧ ಪುಟ ಕೊಡಿ. ಪ್ರೂಫ್ ನೋಡೋರಿಗೆ ಮಾತ್ರ ಸ್ವಲ್ಪ ಹೇಳಿಡಿ, ಆ 12,755 ಮತ್ತೆ 14,018 ಅದಲು ಬದಲು ಆದ್ರೆ ಕಳ್ಳತನನೇ ಸಿಗಲ್ಲ.

ಇಂತಿ ನಿಮ್ಮ ಓದುಗ,
ನಿವೃತ್ತ ಲೆಕ್ಕ ತಪಾಸಕ