ಮೂರನೇ ದಿನದ ಬಡಬಡಿಕೆ ಗಾಳಿ ಸೋಕಿದ್ದಲ್ಲ

ಮಾನ್ಯ ಸಂಪಾದಕರೇ,

ಮಾಲೆ ಹಾಕುವ ದಿನಗಳು ಹತ್ತಿರ ಬಂದಿವೆ. ಅಯ್ಯಪ್ಪನ ವ್ರತಕ್ಕೆಂದು 41 ದಿನ ಕುಡಿತ ಬಿಡುವವರು ನಮ್ಮ ಊರುಗಳಲ್ಲಿ ಬಹಳ. ಒಳ್ಳೆಯದೇ. ಆದರೆ ವರ್ಷಗಟ್ಟಲೆ ದಿನವೂ ಕುಡಿದವರು, ಅದರಲ್ಲೂ ಬೆಳಗ್ಗೆ ಎದ್ದ ಕೂಡಲೇ ಗುಟುಕು ಬೀಳದೆ ಕೈ ನಡುಕ ನಿಲ್ಲದವರು, ಒಂದೇ ಏಟಿಗೆ ನಿಲ್ಲಿಸಿದರೆ ಜೀವಕ್ಕೇ ಕುತ್ತು ಬರಬಹುದು.

ಗಂಡಸರ ಸರ್ಜಿಕಲ್ ವಾರ್ಡಿನಲ್ಲಿ ಬಹಳ ವರ್ಷ ಸ್ಟಾಫ್ ನರ್ಸ್ ಆಗಿದ್ದವಳು ನಾನು. ಅಲ್ಲಿಗೆ ವ್ರತವೇ ಬೇಕಿಲ್ಲ. ಕಾಲು ಮುರಿದು ಮಲಗಿದರೆ ಕುಡಿತ ತಾನಾಗಿ ನಿಲ್ಲುತ್ತದೆ. ಮೊದಲ ದಿನ ಕೈ ನಡುಕ, ಬೆವರು, ವಾಂತಿ, ನಿದ್ದೆಯಿಲ್ಲ. ಒಂದೆರಡು ದಿನದೊಳಗೆ ಕೆಲವರಿಗೆ ಫಿಟ್ಸ್. ಆಮೇಲೆ, ಸಾಮಾನ್ಯವಾಗಿ ಕೊನೆಯ ಕುಡಿತದ 48ರಿಂದ 96 ಗಂಟೆಯೊಳಗೆ, ನಿಜವಾದ ಅಪಾಯ ಶುರು. ಎಲ್ಲಿದ್ದೇನೆ, ಇವತ್ತು ಯಾವ ವಾರ ಅನ್ನುವುದೇ ತಿಳಿಯುವುದಿಲ್ಲ. ಹೆಂಡತಿಯನ್ನೇ "ನೀನ್ಯಾರು" ಅನ್ನುತ್ತಾರೆ. ಹೊದಿಕೆ ಮೇಲಿಂದ ಇಲ್ಲದ ಇರುವೆ ಹೆಕ್ಕುತ್ತಾರೆ. ಲಾರಿ ಡ್ರೈವರ್ ಒಬ್ಬರು ಮಂಚದ ಮೇಲೆ ಕೂತು ಗಾಳಿಯಲ್ಲೇ ಸ್ಟೀರಿಂಗ್ ತಿರುಗಿಸುತ್ತಾ, ಪಕ್ಕದ ಮಂಚದವರಿಗೆ "ಸೈಡ್ ಕೊಡ್ರೀ" ಅಂತ ಕೂಗುತ್ತಿದ್ದರು. ವಾರ್ಡಿನಲ್ಲಿ ಎಲ್ಲರೂ ನಕ್ಕರು. ಅವರ ನಾಡಿ ನಿಮಿಷಕ್ಕೆ 120 ದಾಟಿತ್ತು. ಮೈ ಸುಡುತ್ತಿತ್ತು, ಅಂಗಿ ತೊಯ್ದು ತೊಪ್ಪೆಯಾಗಿತ್ತು.

ಇದೇ ಡಿಲೀರಿಯಂ ಟ್ರೆಮೆನ್ಸ್. ವಾರ್ಡಿನಲ್ಲಿ ಸುಮ್ನೆ 'ಡಿಟಿ' ಅಂತೀವಿ. ಬೆಳಗ್ಗೆ ನೆಟ್ಟಗೆ ಮಾತಾಡಿದವರು ಕತ್ತಲಾದ ಮೇಲೆ ಕೆರಳುತ್ತಾರೆ. ಅದಕ್ಕೇ ಮನೆಯವರು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಲು ಓಡುತ್ತಾರೆ. ಕಟ್ಟಿಸಿ, ಬೇಡ ಅನ್ನಲ್ಲ. ಮೊದಲು 108ಕ್ಕೆ ಫೋನ್ ಮಾಡಿ. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಸಾಯುವವರಿದ್ದಾರೆ, ಹೊತ್ತಿಗೆ ಸಿಕ್ಕಿದರೆ ಬಹುಪಾಲು ಜನ ಉಳಿಯುತ್ತಾರೆ. ಲೋರಾಜೆಪಾಮ್, ಡಯಾಜೆಪಾಮ್‌ನಂಥ ಔಷಧಿ, ಜೊತೆಗೆ ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಕೊಡುತ್ತಾರೆ. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಬಾಟಲಿ ಏರಿಸಿದರೆ ಮೆದುಳಿಗೆ ಪೆಟ್ಟಾಗುವ ಭಯವಿದೆ. ಆದ್ದರಿಂದ ಮನೆಗೇ ಕರೆಸಿ ಡ್ರಿಪ್ ಹಾಕಿಸುವುದು ಬೇಡ.

ನಮಗೆ ಜಾಸ್ತಿ ತೊಂದರೆ ಕೊಡುತ್ತಿದ್ದದ್ದು ಮರ್ಯಾದೆ. ಅಡ್ಮಿಟ್ ಮಾಡುವಾಗ ಕುಡೀತಾರಾ ಅಂತ ಕೇಳಿದರೆ, "ಇಲ್ಲ ಸಿಸ್ಟರ್, ಹಬ್ಬ-ಗಿಬ್ಬಕ್ಕೆ ಅಷ್ಟೇ" ಅನ್ನುವ ಉತ್ತರ. ಮೂರನೇ ರಾತ್ರಿ ರೋಗಿ ಡ್ರಿಪ್ ಕಿತ್ತುಕೊಂಡು ಓಡುವಾಗ, ಇದು ತಲೆಗೆ ಬಿದ್ದ ಏಟೋ, ಸೋಂಕೋ, ಕುಡಿತ ಬಿಟ್ಟಿದ್ದಕ್ಕೋ ಅಂತ ಡಾಕ್ಟರು ಗೊತ್ತುಮಾಡುವುದು ಹೇಗೆ? ದಿನಕ್ಕೆ ಎಷ್ಟು ಕುಡಿಯುತ್ತಿದ್ದರು, ಕೊನೆಯದಾಗಿ ಕುಡಿದದ್ದು ಯಾವಾಗ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ - ಇಷ್ಟನ್ನು ಮುಚ್ಚಿಡದೆ ಹೇಳಿ.

2020ರ ಲಾಕ್‌ಡೌನ್‌ನಲ್ಲಿ ಮದ್ಯದಂಗಡಿಗಳು ಮೇ 4ರವರೆಗೆ ಮುಚ್ಚಿದ್ದಾಗ ಬೆಂಗಳೂರಿನಲ್ಲಿ ಇಂಥ ರೋಗಿಗಳು ಜಾಸ್ತಿಯಾಗಿದ್ದರು. ಆಗ ಒಂದಿಷ್ಟು ಚರ್ಚೆಯಾಯಿತು, ಅಂಗಡಿ ತೆರೆದ ಮೇಲೆ ಎಲ್ಲರೂ ಮರೆತರು.

ಗುರುಸ್ವಾಮಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ದಿನವೂ ಕುಡಿಯುವವರು ಮಾಲೆ ಕೇಳಿಕೊಂಡು ಬಂದರೆ, ಮೊದಲು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ಕಂಡು ಬರಲು ಹೇಳಿ. ಔಷಧಿ ತೆಗೆದುಕೊಂಡೇ ಬಿಡಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416 ದಿನವಿಡೀ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ತಾವೂ ಈ ಸಂಖ್ಯೆಯನ್ನು ಪತ್ರಿಕೆಯಲ್ಲಿ ಆಗಾಗ ಹಾಕಿದರೆ ಉಪಕಾರ.

- ನಿವೃತ್ತ ಸ್ಟಾಫ್ ನರ್ಸ್, ಹಾಸನ ಜಿಲ್ಲೆ