ಆ ಕೈ ಮೊದಲು ಏನು ಹಿಡಿದಿತ್ತು?

ಪ್ರೀತಿಯ ತಂಗಿ,

ನಿನ್ನ ಚಿತ್ರಕಥೆ ಹೋದ ವಾರ ಕೈಸೇರಿತು. 160 ಪುಟ. ಎರಡು ಸಲ ಓದಿದೆ. ಜೊತೆಗಿಟ್ಟಿದ್ದ ಪತ್ರವನ್ನು ಅದಕ್ಕಿಂತ ಜಾಸ್ತಿ ಸಲ ಓದಿದೆ. ಗಾಂಧಿನಗರದಲ್ಲಿ ಯಾರೋ ಒಬ್ಬರು ಹತ್ತು ಪುಟ ತಿರುವಿ, "ಇದಕ್ಕೆ ದುಡ್ಡು ಹಾಕೋರು ಯಾರಮ್ಮ?" ಅಂದರಂತೆ. ನೀನು ಅದೇ ರಾತ್ರಿ ಬಸ್ಸು ಹತ್ತಿ ಶಿಕಾರಿಪುರಕ್ಕೆ ವಾಪಸ್ ಹೋದೆಯಂತೆ. ಇನ್ನು ಬರೆಯುವುದಿಲ್ಲ ಅಂತ ಕೊನೆಯಲ್ಲಿ ಬರೆದಿದ್ದೀಯ. ಬರೆಯದವಳು ಇಷ್ಟು ಪುಟ ಪ್ರಿಂಟ್ ಹಾಕಿಸಿ, ಅಂಚು ಹೊಲಿದು, ನನ್ನ ವಿಳಾಸ ಹುಡುಕಿ ಕಳಿಸುತ್ತಿರಲಿಲ್ಲ. ಹಾಗಾಗಿ ಆ ಒಂದು ಸಾಲನ್ನು ನಾನು ನಂಬಲಿಲ್ಲ.

ನೀನು ಕೇಳಿರುವ ಹತ್ತು ಪ್ರಶ್ನೆಗಳಲ್ಲಿ ಎಂಟಕ್ಕೆ ನಾನು ಉತ್ತರ ಬರೆಯುವುದಿಲ್ಲ. ದೃಶ್ಯಕ್ಕೆ ನಂಬರ್ ಹೇಗೆ ಹಾಕಬೇಕು, ಸಾರಾಂಶ ಎಷ್ಟು ಪುಟ ಇರಬೇಕು, ಕಥೆ ನೋಂದಣಿ ಎಲ್ಲಿ ಮಾಡಿಸಬೇಕು, ಇದನ್ನೆಲ್ಲ ನಿನ್ನ ವಯಸ್ಸಿನವರೇ ನನಗಿಂತ ಚೆನ್ನಾಗಿ ಹೇಳಿಕೊಡುತ್ತಾರೆ. ರಾಜರ ಬಾಯಲ್ಲಿ ಯಾವ ಕನ್ನಡ ಬರಬೇಕು ಅಂತ ಕೇಳಿದ್ದೀಯ. ನಿನ್ನ ನಾಯಕನ ತಾಯಿ ಮಗನನ್ನು ಊಟಕ್ಕೆ ಕರೆಯುವಾಗಲೂ ನಾಟಕದ ಭಾಷೆ ಆಡುತ್ತಾಳೆ. ಹಸಿದ ಮಗನನ್ನು ಯಾವ ಕಾಲದ ತಾಯಿಯೂ ಹಾಗೆ ಕರೆದಿರಲಾರಳು. ಅದನ್ನು ತಿದ್ದು. ಆ ವಿಷಯ ಅಷ್ಟೇ.

ಉಳಿದ ಒಂದು ಪ್ರಶ್ನೆ ಮಾತ್ರ ನನ್ನ ನಿದ್ದೆ ಕೆಡಿಸಿತು. "ಐತಿಹಾಸಿಕ ಚಿತ್ರ ಜನರ ಮನಸ್ಸಿನಲ್ಲಿ ಉಳಿಯುವುದು ಯಾವುದರಿಂದ? ನಾಯಕನ ಅಭಿನಯ ಮರೆಯದ ಹಾಗೆ ಆಗುವುದು ಹೇಗೆ?" ನೀನು ಕೇಳಿದ್ದು ನನ್ನನ್ನು. ಆದರೆ ಉತ್ತರವನ್ನು ಮೊದಲ ಪುಟದಲ್ಲಿ ನೀನೇ ಬರೆದುಬಿಟ್ಟಿದ್ದೀಯ. ಮುನ್ನೂರು ಆನೆ, ಉರಿಯುವ ಕೋಟೆ, ಸುರಿಯುವ ಮಳೆ, ಅದರ ನಡುವೆ ಕತ್ತಿ ಎತ್ತಿ ನಿಂತ ನಿನ್ನ ನಾಯಕ, ಕದಂಬ ರಾಜ್ಯ ಕಟ್ಟಿದ ಮಯೂರಶರ್ಮ.

ಯಾಕಮ್ಮ? ನಿನ್ನ ಊರಿನಿಂದ ತಾಳಗುಂದ ಎಷ್ಟು ದೂರ? ಆ ಪ್ರಣವೇಶ್ವರ ಗುಡಿಯ ಮುಂದಿನ ಕಂಬವನ್ನು ನೀನು ಚಿಕ್ಕಂದಿನಿಂದ ನೋಡಿರುತ್ತೀಯ. ಶಾಲೆಯಿಂದ ಕರೆದುಕೊಂಡು ಹೋಗಿರುತ್ತಾರೆ. ಆ ಕಂಬದ ಮೇಲೆ ಏನಿದೆ ಅಂತ ಕೂತು ಓದಿದ್ದೀಯಾ? ಸಂಸ್ಕೃತ ಬರುವುದಿಲ್ಲ ಅನ್ನಬೇಡ. ಅರ್ಥ ಕನ್ನಡದಲ್ಲಿ ಸಿಗುತ್ತದೆ.

ಅಲ್ಲಿರುವುದು ಮಯೂರಶರ್ಮನ ಕಥೆ ಹೇಳುವ ಶಾಸನ. ಅದನ್ನು ಬರೆದ ಕವಿ ಕುಬ್ಜ. 5ನೇ ಶತಮಾನದವನು. ಮಯೂರಶರ್ಮ ಆಗಿಹೋಗಿ ನೂರು ವರ್ಷ ಕಳೆದಿತ್ತು. ಅಂದರೆ ಕುಬ್ಜನೂ ನಿನ್ನ ಹಾಗೆ ಹಳೆಯ ಕಥೆ ಬರೆಯಲು ಕೂತವನೇ. ಅವನ ಕಥೆಯಲ್ಲಿ ಹುಡುಗನೊಬ್ಬ ಗುರು ವೀರಶರ್ಮನ ಜೊತೆ ಪಲ್ಲವ ರಾಜರ ಕಂಚಿಯಲ್ಲಿದ್ದ ಘಟಿಕೆಗೆ, ಅಂದರೆ ವಿದ್ಯಾಕೇಂದ್ರಕ್ಕೆ, ಓದಲು ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗುತ್ತದೆ. ಹುಡುಗನಿಗೆ ಅವಮಾನ ತಡೆಯಲಾಗುವುದಿಲ್ಲ. ಆಗ ಕತ್ತಿ ಹಿಡಿಯುತ್ತಾನೆ. ಸರಿ, ಇದು ಎಲ್ಲರಿಗೂ ಗೊತ್ತು. ಆದರೆ ಕುಬ್ಜ ಆ ಕ್ಷಣವನ್ನು ಹೇಗೆ ಬರೆದ ನೋಡು. ಅವನು ಮುಖ ತೋರಿಸುವುದಿಲ್ಲ. ಕಣ್ಣಿನ ಕೆಂಡ ತೋರಿಸುವುದಿಲ್ಲ. ಕೈ ತೋರಿಸುತ್ತಾನೆ. ದರ್ಭೆ, ಹೋಮದ ಕಟ್ಟಿಗೆಯಾದ ಸಮಿತ್ತು, ಕಲ್ಲು, ಹೋಮದ ಸೌಟು, ತುಪ್ಪ, ಹೋಮದ ಅನ್ನವಾದ ಚರು, ಇವನ್ನು ಹಿಡಿದು ಪಳಗಿದ ಕೈಯಿಂದ ಹೊಳೆಯುವ ಕತ್ತಿಯನ್ನು ಹಿರಿದ ಅನ್ನುತ್ತಾನೆ.

ತಂಗಿ, ಇದನ್ನು ಮೊದಲ ಸಲ ಓದಿದಾಗ ನನ್ನ ಮೈ ನಡುಗಿತು. ಒಂದೊಂದೇ ಸಾಮಾನನ್ನು ಎಣಿಸುತ್ತಾನೆ. ತುಪ್ಪದ ಜಿಡ್ಡು ಇನ್ನೂ ಆರದ ಬೆರಳು. ಅದೇ ಬೆರಳಲ್ಲಿ ಈಗ ಕಬ್ಬಿಣ. ಆ ಕೈ ಮೊದಲು ಏನು ಹಿಡಿದಿತ್ತು ಅಂತ ಹೇಳಿದ್ದಕ್ಕೇ ಆ ಕತ್ತಿಗೆ ಭಾರ ಬಂತು. ನಿನ್ನ ಮಯೂರ ಹುಟ್ಟುತ್ತಲೇ ಕತ್ತಿ ಹಿಡಿದು ಬಂದವನ ಹಾಗಿದ್ದಾನೆ. ಅವನ ಕೈಯಲ್ಲಿ ಕತ್ತಿ ನೋಡಿ ನನಗೆ ಏನೂ ಅನ್ನಿಸಲಿಲ್ಲ.

ನಲವತ್ತು ವರ್ಷದಿಂದ ನನ್ನ ತಲೆಯಲ್ಲಿ ಕೂತಿರುವುದು ಇದೊಂದೇ. ರಾಜನ ಪಾತ್ರ ಮನಸ್ಸಿನಲ್ಲಿ ಉಳಿಯಬೇಕಾದರೆ ಕಿರೀಟದ ಕೆಳಗಿರುವ ಮನುಷ್ಯನ ಕೈ ಕಾಣಬೇಕು.

ನನ್ನ ಊರಿಗೆ ಟೆಂಟ್ ಸಿನಿಮಾ ಬರುತ್ತಿತ್ತು. ಅಲ್ಲೇ ಮರಳ ಮೇಲೆ ಕೂತು 'ರಣಧೀರ ಕಂಠೀರವ' ನೋಡಿದೆ. 1960ರ ಚಿತ್ರ. ಕಲಾವಿದರೇ ಸಂಘ ಕಟ್ಟಿಕೊಂಡು ತೆಗೆದದ್ದು. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಎಲ್ಲರೂ ಸೇರಿದ್ದರು. ಅವತ್ತು ಮನೆಗೆ ಬರುವ ದಾರಿಯಲ್ಲಿ ಅಪ್ಪ ಮೈಸೂರಿನ ರಾಜ ಕಂಠೀರವನ ಕಥೆ ಪೂರ್ತಿ ಹೇಳಿದರು. ತಿರುಚಿನಾಪಳ್ಳಿಯ ಜಟ್ಟಿಯ ಸೊಕ್ಕು ಮುರಿಯಲು ಅವನು ವೇಷ ಮರೆಸಿಕೊಂಡು, ಸಾಮಾನ್ಯ ಕುಸ್ತಿಯವನ ಹಾಗೆ ಒಬ್ಬನೇ ಹೋದನಂತೆ. ಕಿರೀಟ ಮನೆಯಲ್ಲಿಟ್ಟು ಹೋದ ರಾಜ! ನಾವು ಹುಡುಗರು ತಿಂಗಳುಗಟ್ಟಲೆ ಮುಷ್ಟಿ ಬಿಗಿದುಕೊಂಡೇ ತಿರುಗಿದೆವು. ಮೈಸೂರು ದಸರಾದಲ್ಲಿ ಜಟ್ಟಿಗಳು ಇವತ್ತಿಗೂ ವಜ್ರಮುಷ್ಟಿ ಕಾಳಗ ಆಡುತ್ತಾರಲ್ಲ, ಒಮ್ಮೆ ಹೋಗಿ ನೋಡು. ಒಂದು ಹನಿ ರಕ್ತ ಕಂಡ ಕೂಡಲೇ ನಿಲ್ಲಿಸುತ್ತಾರೆ. ಅಷ್ಟರೊಳಗೆ ಆ ಕೈಗಳು ಏನೆಲ್ಲ ಹೇಳಿಬಿಡುತ್ತವೆ.

ರಾಜಕುಮಾರ್ ಅವರ ರಾಜನ ಪಾತ್ರಗಳು ಯಾಕೆ ಉಳಿದವು ಅಂತ ಜನ ಕೇಳುತ್ತಾರೆ. ಧ್ವನಿ ಅನ್ನುತ್ತಾರೆ, ನಿಲುವು ಅನ್ನುತ್ತಾರೆ. ಎರಡೂ ನಿಜ. ನನಗೆ ಬೇರೆಯದೂ ಕಾಣುತ್ತದೆ. ಅವರು ಗುಬ್ಬಿ ಕಂಪನಿಯಲ್ಲಿ ಬೆಳೆದವರು. ತಂದೆಯೂ ನಾಟಕದವರೇ. 1954ರಲ್ಲಿ ಅವರು ನಾಯಕನಾಗಿ ಬಂದ ಮೊದಲ ಚಿತ್ರದಲ್ಲಿ ರಾಜನಾಗಿರಲಿಲ್ಲ, ಬೇಡನಾಗಿದ್ದರು. 'ಮಯೂರ' ಬಂದಾಗ, 1975ರಲ್ಲಿ, ಅವರಿಗೆ 46 ವರ್ಷ. ದೇವುಡು ಅವರ ಕಾದಂಬರಿಯ ಆ ತರುಣನನ್ನು 46ರ ಮನುಷ್ಯ ಆಡಿದರೂ ಯಾರಿಗೂ ಬೇರೆ ಅನ್ನಿಸಲಿಲ್ಲ. ಜನರ ಮುಂದೆ ಸದಾ ಜೋಡಿಸಿಕೊಂಡೇ ಇರುತ್ತಿದ್ದ ಕೈಗಳು ಅವು. ಅವು ಕತ್ತಿ ಎತ್ತಿದಾಗ, ಇವನಿಗೆ ಎತ್ತಲು ಇಷ್ಟವಿರಲಿಲ್ಲ, ಎತ್ತಲೇಬೇಕಾಗಿ ಬಂತು ಅಂತ ಜನರಿಗೆ ತಾನಾಗೇ ಅನ್ನಿಸುತ್ತಿತ್ತು. ನವೆಂಬರ್ ಬಂದರೆ ಆ ಚಿತ್ರದ ಹಾಡು ಈಗಲೂ ಊರೂರಲ್ಲಿ ಕೇಳುತ್ತದೆ, ಅಲ್ವಾ?

ಈಗ ನನ್ನ ಒಂದು ತಪ್ಪು ಹೇಳುತ್ತೇನೆ. ಇದನ್ನು ಹೆಚ್ಚು ಜನರ ಹತ್ತಿರ ಹೇಳಿಲ್ಲ.

ಎಂಬತ್ತರ ದಶಕದಲ್ಲಿ ಒಂದು ಐತಿಹಾಸಿಕ ಚಿತ್ರಕ್ಕೆ ಸಂಭಾಷಣೆ ಬರೆದೆ. ರಾಜನ ಪಾತ್ರಕ್ಕೆ ನಾಟಕ ಕಂಪನಿಯಿಂದ ಬಂದ ಒಬ್ಬ ನಟರಿದ್ದರು. ಒಂದು ಬೆಳಿಗ್ಗೆ ಮೇಕಪ್ಪಿಗೆ ಕೂರುವ ಮೊದಲು ನನ್ನ ಹತ್ತಿರ ಬಂದು ಮೆತ್ತಗೆ ಕೇಳಿದರು. "ಸಾರ್, ಈ ರಾಜ ಚಿಕ್ಕವನಿದ್ದಾಗ ಏನು ಮಾಡ್ತಿದ್ದ? ಕೈ ಎಲ್ಲಿ ಇಟ್ಕೋಬೇಕು ಅಂತ ಗೊತ್ತಾಗ್ತಿಲ್ಲ." ನನಗೆ ಸಿಟ್ಟು ಬಂತು. ನನ್ನ ಬರವಣಿಗೆಯಲ್ಲಿ ಕೊರತೆ ಹುಡುಕುತ್ತಿದ್ದಾರೆ ಅನ್ನಿಸಿತು. ಉತ್ತರ ಕೊಡಲಿಲ್ಲ. ಅದರ ಬದಲು ಆ ದೃಶ್ಯಕ್ಕೆ ಇನ್ನೂ ಒಂದೂವರೆ ಪುಟ ಡೈಲಾಗ್ ಬರೆದು ಕೈಗಿಟ್ಟೆ. ಅವರು ಒಂದಕ್ಷರ ತಪ್ಪದೆ ಹೇಳಿದರು. ಚಿತ್ರಮಂದಿರದಲ್ಲಿ ಶಿಳ್ಳೆ ಬಿತ್ತು. ನಾನು ಹಿಗ್ಗಿದೆ. ಇವತ್ತು ಆ ಚಿತ್ರದ ಹೆಸರು ಹೇಳಿದರೆ ನಿನಗೆ ಗೊತ್ತಾಗುವುದಿಲ್ಲ. ಆ ನಟರು ತೀರಿಕೊಂಡು ಎಷ್ಟೋ ವರ್ಷ ಆಯಿತು. ಅವರ ಪ್ರಶ್ನೆ ಮಾತ್ರ ನನ್ನ ಹತ್ತಿರ ಹಾಗೇ ಉಳಿದಿದೆ.

ಆ ಚಿತ್ರದಲ್ಲಿ ಮಾತಿಲ್ಲದ ದೃಶ್ಯ ಒಂದೇ ಒಂದು ಬರೆದಿದ್ದೆ. ಬೆಳಕು ಹರಿಯುವ ಮೊದಲು ರಾಜ ಎದ್ದು, ತಾನೇ ಕುದುರೆಯ ಮೈ ತೊಳೆಯುತ್ತಾನೆ. ಅದನ್ನು ಕತ್ತರಿಸಿದರು. ಯಾಕೆ ಅಂತ ಕೇಳಿದ್ದಕ್ಕೆ, ಮಾತೂ ಇಲ್ಲ ಫೈಟೂ ಇಲ್ಲ, ಸುಮ್ನೆ ಫಿಲ್ಮ್ ದಂಡ ಅಂದರು. ಹಾಗೆ ಅಂದವರ ಮೇಲಿನ ಸಿಟ್ಟು ಈ ವಯಸ್ಸಿನಲ್ಲೂ ನನಗೆ ಹೋಗಿಲ್ಲ. ಜಗಳ ಆಡದ ನನ್ನ ಮೇಲಿನ ಸಿಟ್ಟು ಅದಕ್ಕಿಂತ ದೊಡ್ಡದು.

ಬೇಕಾದ್ದು ಎಲ್ಲ ದಾಖಲೆಯಲ್ಲೇ ಇರುತ್ತದೆ ತಂಗಿ. ನಾವು ಹೋಗಿ ನೋಡುವುದಿಲ್ಲ. ಕೃಷ್ಣದೇವರಾಯನನ್ನು ಎದುರಿಗೇ ಕಂಡ ಪೋರ್ಚುಗೀಸ್ ಪ್ರವಾಸಿ ಪೇಸ್ ಸುಮಾರು 1520ರಲ್ಲಿ ಏನು ಬರೆದಿದ್ದಾನೆ ಗೊತ್ತಾ? ರಾಜ ಮಧ್ಯಮ ಎತ್ತರ, ಸ್ವಲ್ಪ ಮೈ ತುಂಬಿದವನು, ಮುಖದ ಮೇಲೆ ಸಿಡುಬಿನ ಕಲೆ. ನಗುಮುಖದವನು, ಆದರೆ ಇದ್ದಕ್ಕಿದ್ದಂತೆ ಸಿಟ್ಟು ಬರುತ್ತದೆ. ದಿನವೂ ಬೆಳಕಾಗುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿಯುತ್ತಾನೆ. ಮೈಗೆಲ್ಲ ಎಣ್ಣೆ ಹಚ್ಚಿಕೊಂಡು, ಮಣ್ಣಿನ ಭಾರವಾದ ಗುಂಡುಗಳನ್ನು ಎತ್ತುತ್ತಾನೆ. ಕತ್ತಿ ತಿರುಗಿಸುತ್ತಾನೆ. ಬೆವರಿನ ಜೊತೆ ಎಣ್ಣೆಯೆಲ್ಲ ಇಳಿಯುವ ತನಕ ಬಿಡುವುದಿಲ್ಲ. ಆಮೇಲೆ ಕುಸ್ತಿ, ಕುದುರೆ ಸವಾರಿ. ಈ ಬೆಳಗಿನ ಹೊತ್ತೊಂದು ಸಾಕು ಒಬ್ಬ ನಟನಿಗೆ. ಎಣ್ಣೆ ಜಾರುವ ಆ ಕೈಗಳನ್ನು ತೋರಿಸಿದ ಮೇಲೆ ಸಿಂಹಾಸನದ ಮೇಲೆ ಕೂರಿಸು. ಆಗ ಬೇರೆಯೇ ರಾಜ ಕೂತಿರುತ್ತಾನೆ.

ಪೇಸ್ ಬಂದು ಹೋದ ಮೇಲೆ ನೂನಿಜ್ ಬಂದ. ಅವನೂ ಪೋರ್ಚುಗೀಸನೇ. ಅವನ ಬರಹದಲ್ಲಿ ರಾಯನ ಮಂತ್ರಿ ತಿಮ್ಮರಸುವಿನ ಕಥೆ ಇದೆ. ಆಗಿನ ರಾಜ ವೀರನರಸಿಂಹ ಸಾಯುವ ಹೊತ್ತಿನಲ್ಲಿ, ತನ್ನ ತಮ್ಮನಾದ ಕೃಷ್ಣದೇವರಾಯನ ಕಣ್ಣು ಕೀಳಿಸು ಅಂದನಂತೆ. ತಿಮ್ಮರಸು ಮೇಕೆಯ ಕಣ್ಣು ತಂದು ತೋರಿಸಿ ಹುಡುಗನನ್ನು ಉಳಿಸಿದನಂತೆ. ಎಷ್ಟೋ ವರ್ಷದ ಮೇಲೆ ರಾಯನ ಎಳೆಯ ಮಗ ತೀರಿಕೊಂಡ. ವಿಷದ ಅನುಮಾನ ತಿಮ್ಮರಸುವಿನ ಮನೆಯ ಮೇಲೆ ಬಂತು. ರಾಯ ಅವನ ಕಣ್ಣು ಕೀಳಿಸಿದನಂತೆ. ಇದೆಲ್ಲ ಹೀಗೇ ನಡೆಯಿತು ಅಂತ ಇತಿಹಾಸಕಾರರು ಎಲ್ಲರೂ ಒಪ್ಪುವುದಿಲ್ಲ. ನೀನೂ ಹಾಗೆ ಸಾಧಿಸಬೇಡ. ಆದರೆ ಕಣ್ಣು ಉಳಿಸಿದ ಕೈಯನ್ನು ಒಂದು ಕ್ಷಣ ಯೋಚಿಸು. 1970ರ 'ಶ್ರೀ ಕೃಷ್ಣದೇವರಾಯ' ಚಿತ್ರದಲ್ಲಿ ಬಿ. ಆರ್. ಪಂತುಲು ನಿರ್ದೇಶನವನ್ನೂ ಮಾಡಿದರು, ತಿಮ್ಮರಸುವಿನ ಪಾತ್ರವನ್ನೂ ತಾವೇ ಇಟ್ಟುಕೊಂಡರು. ರಾಜಕುಮಾರ್ ಎದುರಿಗಿರುವಾಗ ಆ ಮುದುಕನ ಪಾತ್ರವನ್ನು ಅವರು ಯಾಕೆ ಆರಿಸಿಕೊಂಡರು ಅಂತ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡ. 1962ರ 'ಲಾರೆನ್ಸ್ ಆಫ್ ಅರೇಬಿಯಾ' ನೋಡು. ಮೂರೂವರೆ ಗಂಟೆಗೂ ಜಾಸ್ತಿ ಇದೆ. ಮರಳುಗಾಡು, ಒಂಟೆ, ರೈಲು ಉರುಳಿಸುವುದು ಎಲ್ಲ ಇದೆ. ನನ್ನನ್ನು ಕಾಡುವುದು ಬೇರೆ. ಅರಬರ ಜೊತೆ ಸೇರಿ ಹೋರಾಡುವ ಬ್ರಿಟಿಷ್ ಅಧಿಕಾರಿ ಲಾರೆನ್ಸ್ ಮರಳುಗಾಡಿಗೆ ತಿರುಗಿ ಹೋಗಿ, ಸಾಯಲು ಬಿಟ್ಟು ಬಂದಿದ್ದ ಗಾಸಿಮ್ ಎಂಬುವನನ್ನು ಎತ್ತಿಕೊಂಡು ಬರುತ್ತಾನೆ. ಕೆಲವೇ ದಿನದಲ್ಲಿ, ಬುಡಕಟ್ಟುಗಳ ಜಗಳ ತಪ್ಪಿಸಲು, ಅದೇ ಗಾಸಿಮ್‌ನನ್ನು ತನ್ನ ಕೈಯಿಂದಲೇ ಗುಂಡಿಟ್ಟು ಕೊಲ್ಲಬೇಕಾಗುತ್ತದೆ. ಆಮೇಲೆ ದಳಪತಿಯ ಮುಂದೆ ನಿಂತು, ಕೊಂದಾಗ ನನಗೆ ಖುಷಿಯಾಯಿತು ಅನ್ನುತ್ತಾನೆ. ಲಾರೆನ್ಸ್ ಆಗಿ ನಟಿಸಿದ ಪೀಟರ್ ಓಟೂಲ್ ಆ ಮಾತು ಹೇಳುವಾಗ ಅವನ ನೀಲಿ ಕಣ್ಣಲ್ಲಿ ತನ್ನ ಬಗ್ಗೆಯೇ ಭಯ ಇದೆ. ನಾನು ನೋಡಿದ್ದು ಬೆಂಗಳೂರಿನಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ. ರೂಮಿಗೆ ನಡೆದುಕೊಂಡೇ ಹೋದೆ.

ಕಿತ್ತೂರು ಚೆನ್ನಮ್ಮನ ಬಗ್ಗೆಯೂ ಬರೆಯಬೇಕು ಅಂದಿದ್ದೀಯ. ಬರಿ. 1824ರಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದ ದಿನವನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. 1829ರಲ್ಲಿ ತೀರಿಕೊಳ್ಳುವ ತನಕ ಬೈಲಹೊಂಗಲದ ಸೆರೆಯಲ್ಲಿ ಆ ಕೈಗಳು ಹೇಗೆ ದಿನ ಕಳೆದವು? ಅದನ್ನು ಬರೆದವರು ಕಡಿಮೆ.

ಈಗ ಮತ್ತೆ ನಿನ್ನ ಮಯೂರನಿಗೆ ಬರುತ್ತೇನೆ. ನಿನ್ನ ಕಥೆ ಗೆಲುವಿನ ಕಹಳೆಯಲ್ಲಿ ಮುಗಿಯುತ್ತದೆ. ಪಲ್ಲವರು ಓಡುತ್ತಾರೆ, ಇವನು ಕಿರೀಟ ಇಟ್ಟುಕೊಳ್ಳುತ್ತಾನೆ. ಕಂಬದ ಮೇಲಿನ ಕಥೆ ಹಾಗಿಲ್ಲ. ಶ್ರೀಪರ್ವತದ ಕಾಡಿನಲ್ಲಿ ಸೇರಿಕೊಂಡ ಇವನನ್ನು ಪಲ್ಲವರಿಗೆ ಹಿಡಿಯಲಾಗಲಿಲ್ಲ. ಸಂಧಿಯಾಯಿತು. ಇವನು ಅವರ ಸೇವೆಗೆ ಒಪ್ಪಿಕೊಂಡ. ಅವರಿಗಾಗಿ ಯುದ್ಧ ಮಾಡಿ ಮೆಚ್ಚಿಸಿದ. ಕೊನೆಗೆ ಪಟ್ಟ ಸಿಕ್ಕಿದ್ದು ಆ ಪಲ್ಲವರಿಂದಲೇ. ಯಾರ ಸವಾರ ಅವಮಾನ ಮಾಡಿದನೋ ಅವರಿಂದಲೇ. ಆ ಜಾಗಕ್ಕೆ ಬಂದಾಗ ಕುಬ್ಜ ಮತ್ತೆ ಕೈಯನ್ನೇ ತರುತ್ತಾನೆ. ಪಲ್ಲವರು ತಮ್ಮ ಕರಪಲ್ಲವದಿಂದ, ಚಿಗುರಿನಂಥ ಕೈಗಳಿಂದ, ಪಟ್ಟ ಕೊಟ್ಟರು ಅನ್ನುತ್ತಾನೆ. ಎಂಥ ಕವಿ ನೋಡು!

ಆ ದೃಶ್ಯ ನಿನ್ನ 160 ಪುಟದಲ್ಲಿ ಇಲ್ಲವೇ ಇಲ್ಲ. ಮೊದಲು ಅದನ್ನು ಬರಿ. ಒಂದು ಮಾತೂ ಇಲ್ಲದೆ ಬರಿ. ಎದುರಿಗೆ ಪಲ್ಲವನ ಕೈ ಬರುತ್ತದೆ. ಇವನ ಕೈ ಮೇಲೇಳುತ್ತದೋ, ತಡೆಯುತ್ತದೋ, ನಡುಗುತ್ತದೋ, ಒಂದು ಗಳಿಗೆ ದರ್ಭೆ ನೆನಪಾಗುತ್ತದೋ, ಅದು ನಿನಗೆ ಗೊತ್ತಿರಬೇಕು. ನಟ ಬಂದು ಕೇಳಿದರೆ ಹೇಳಲು ನಿನ್ನ ಹತ್ತಿರ ಉತ್ತರ ಇರಬೇಕು.

ಬರುವ ತಿಂಗಳು ನೆಂಟರ ಮನೆಯ ಕೆಲಸಕ್ಕೆ ಶಿರಾಳಕೊಪ್ಪಕ್ಕೆ ಬರುತ್ತಿದ್ದೇನೆ. ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ತಾಳಗುಂದಕ್ಕೆ ಬಾ. ಕಂಬದ ಹತ್ತಿರ ಕೂತು ಓದೋಣ. ಆನೆಗಳಿರುವ ಪುಟಗಳನ್ನು ಮನೆಯಲ್ಲೇ ಬಿಟ್ಟು ಬಾ. ಆ ಒಂದು ದೃಶ್ಯ ಮಾತ್ರ ತಾ.

ಪ್ರೀತಿಯಿಂದ,
ನಿನ್ನ ಅಣ್ಣ